ಹಲ್ಲಿನ ಹುಳುವೂ ತಾಯಿ ಚಿಟ್ಟೆಯೂ

ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮೂರು ದಿನ ಶಾಲೆಗೆ ಬಂದಿರಲಿಲ್ಲ. ನಾಲ್ಕನೆಯ ದಿನ ಬಂದಾಗ ಬಲಗೆನ್ನೆ ಊದಿಕೊಂಡಿತ್ತು. ಕಿವಿ ಮುಚ್ಚುವಂತೆ ತಲೆಗೆ ವಸ್ತ್ರ ಸುತ್ತಿಕೊಂಡಿದ್ದಳು. ಜೊತೆಗೆ ತಾಯಿಯೂ ಬಂದಿದ್ದರು.

‘ಹಲ್ಗೆ ಹುಳ ಬಿದ್ದಿತ್ತು ಮೇಷ್ಟ್ರೇ. ಊರಿಗೆ ಬಂದಿದ್ದೋರ ಕೈಲಿ ಹೊಗೆ ಹಾಕ್ಸಿ ತೆಗೆಸ್ದೆ. ಮೂರು ಹುಳ ಬಿದ್ವು. ಆದ್ರೂ ಬಾವು ಇಳೀಲಿಲ್ಲ’ ಎಂದರು. ನಾನು ನಂಬಲಿಕ್ಕಿಲ್ಲವೆಂದು ಅವರಿಗೆ ಅನಿಸಿತೋ ಏನೋ, ಸೆರಗಿನ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಅಕ್ಕಿನುಚ್ಚಿಗಿಂತ ಸಣ್ಣದಾಗಿ, ಬೆಳ್ಳಗೆ, ಕೊಕ್ಕೆಯಂತೆ ಬಾಗಿದ ಮೂರು ವಸ್ತುಗಳಿದ್ದವು.

ನಮ್ಮ ಶಾಲೆ ಕನಕಪುರದ ಕಡೆಯದು. ಪ್ರಯೋಗಶಾಲೆ ಎಂದರೆ ಒಂದು ಬೀರು, ಎರಡು ಮೇಜು, ಒಂದು ಸೂಕ್ಷ್ಮದರ್ಶಕ. ಆ ಮೂರರಲ್ಲಿ ಒಂದನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಒಂದು ಹನಿ ನೀರು ಬಿಟ್ಟು, ಕಡಿಮೆ ವರ್ಧನೆಯ ಮಸೂರದಲ್ಲಿ ನೋಡಿದೆ. ನಂತರ ಆ ತಾಯಿಗೇ ನೋಡಲು ಹೇಳಿದೆ. ಒಂದು ಕಣ್ಣು ಮುಚ್ಚಿ ನೋಡಿ ಎಂದು ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. ಎಷ್ಟೋ ಹೊತ್ತು ನೋಡಿ, ‘ಇದು ಹುಳ ಅಲ್ಲ ಮೇಷ್ಟ್ರೇ. ಬಾಯಿಲ್ಲ, ಕಾಲಿಲ್ಲ, ಮೈಮೇಲೆ ಗೆರೆ ಇಲ್ಲ. ಮೊಳಕೆ ಇದ್ದಂಗದೆ’ ಎಂದರು. ಇಪ್ಪತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿರುವವರು ಅವರು. ಹುಳು ಹೇಗಿರುತ್ತದೆಂದು ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. (ಕಾಲಿಲ್ಲದ ಹುಳುಗಳೂ ಜಗತ್ತಿನಲ್ಲಿವೆ, ಆ ಹೊತ್ತಿಗೆ ಅದನ್ನು ಹೇಳಿ ಗೊಂದಲ ಮಾಡಲಿಲ್ಲ.)

ಅದು ಮೊಳಕೆಯೇ. ಬದನೆ ಜಾತಿಗೆ ಸೇರಿದ ಗುಳ್ಳದ ಬೀಜವನ್ನು ಕಾದ ಕಬ್ಬಿಣದ ಮೇಲೆ ಹಾಕಿ ಹೊಗೆ ಎಬ್ಬಿಸುತ್ತಾರೆ. ಬಿಸಿಗೆ ಬೀಜ ಸಿಡಿಯುತ್ತದೆ. ಒಳಗೆ ಸುರುಳಿಯಾಗಿ ಮಲಗಿದ್ದ ಬೆಳ್ಳನೆಯ ಅಂಕುರ ಹೊರಬಿದ್ದು, ಕೆಳಗಿಟ್ಟ ತಟ್ಟೆಯ ನೀರಿನಲ್ಲಿ ತೇಲುತ್ತದೆ. ನೋವಿನಲ್ಲಿರುವವರಿಗೆ ಅದು ಹುಳುವಾಗಿಯೇ ಕಾಣುತ್ತದೆ. ಇದು ನಮ್ಮ ಹಳ್ಳಿಗಳವರ ಮೌಢ್ಯ ಮಾತ್ರ ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಯೂರೋಪಿನಲ್ಲಿ ಇದೇ ಬದನೆ ಕುಟುಂಬದ ಹೆನ್‌ಬೇನ್ ಎಂಬ ಗಿಡದ ಬೀಜದಿಂದ ಇದೇ ಆಟವನ್ನು ಶತಮಾನಗಳ ಕಾಲ ಆಡಿದರು. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್, ಹುಳುಕು ಹಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ತನಗೆ ಹುಳು ಸಿಗಲಿಲ್ಲವೆಂದು ಬರೆದ. 1757ರಲ್ಲಿ ಜರ್ಮನಿಯ ಶೇಫರ್ ಎಂಬ ಪಾದ್ರಿ, ಉದುರುವ ‘ಹುಳು’ಗಳು ಬೀಜದಿಂದಲೇ ಬಂದವು ಎಂದು ತೋರಿಸಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ಆದರೂ ನಮ್ಮ ಭಾಷೆಯಲ್ಲಿ ಹಲ್ಲು ಇಂದಿಗೂ ‘ಹುಳುಕು’ ಹಿಡಿಯುತ್ತದೆ. ಮಾತು ಹಳೆಯದು, ಇರಲಿ ಬಿಡಿ.

‘ಹಂಗಾದ್ರೆ ಹಲ್ಲು ತಿಂದದ್ದು ಯಾವುದು?’ ಎಂದರು ತಾಯಿ.

ತೋರಿಸುತ್ತೇನೆ ಕುಳಿತುಕೊಳ್ಳಿ ಎಂದೆ. ಮಗುವಿನ ಬಾಯಿಗೆ ಕೈ ಹಾಕುವ ಅಧಿಕಾರ ನನ್ನದಲ್ಲ. ನನ್ನದೇ ದವಡೆ ಹಲ್ಲುಗಳ ಸಂದಿನಿಂದ ಕಡ್ಡಿಯ ತುದಿಯಲ್ಲಿ ಒಂದಿಷ್ಟು ಬಿಳಿಯ ಪಾಚಿ ಕೆರೆದು, ಒಂದು ಹನಿ ನೀರಿನಲ್ಲಿ ಕಲಸಿ, ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿದೆ. ಅದು ಒಣಗಿದ ಮೇಲೆ ಸ್ಪಿರಿಟ್ ದೀಪದ ಜ್ವಾಲೆಯ ಮೇಲೆ ಎರಡು ಮೂರು ಸಲ ಹಾಯಿಸಿ, ಮೆಥಿಲೀನ್ ಬ್ಲೂ ಬಣ್ಣದ ಒಂದು ಹನಿ ಹಾಕಿ, ಒಂದು ನಿಮಿಷ ಬಿಟ್ಟು ತೊಳೆದೆ. ಶಾಲೆಯ ಸೂಕ್ಷ್ಮದರ್ಶಕದ ದೊಡ್ಡ ಮಸೂರ 45 ಪಟ್ಟಿನದು, ಕಣ್ಣಿನ ಬಳಿಯದು 10 ಪಟ್ಟಿನದು. ಒಟ್ಟು 450 ಪಟ್ಟು. ಬ್ಯಾಕ್ಟೀರಿಯಗಳನ್ನು ಚೆನ್ನಾಗಿ ನೋಡಬೇಕಾದರೆ ಎಣ್ಣೆ ಹಾಕಿ ನೋಡುವ ಮಸೂರ ಬೇಕು, ಆಗ 1000 ಪಟ್ಟು ಸಿಗುತ್ತದೆ. ನಮ್ಮಲ್ಲಿ ಅದಿಲ್ಲ. 450 ಪಟ್ಟಿನಲ್ಲಿಯೂ ನೀಲಿ ಚುಕ್ಕೆ, ನೀಲಿ ಗೆರೆಗಳು ತುಂಬಿಕೊಂಡು ಕಾಣುತ್ತವೆ.

ಇದನ್ನು ಮೊಟ್ಟಮೊದಲು ಕಂಡವನ ಬಳಿ ನಮ್ಮಷ್ಟೂ ಅನುಕೂಲವಿರಲಿಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ಲೀವೆನ್‌ಹುಕ್ ಬಟ್ಟೆ ವ್ಯಾಪಾರಿ. ಬಟ್ಟೆಯ ಎಳೆ ಪರೀಕ್ಷಿಸಲು ಆ ವ್ಯಾಪಾರದವರು ಮಸೂರ ಬಳಸುತ್ತಿದ್ದರು. ರಾಮನಗರದಲ್ಲಿ ರೇಷ್ಮೆ ನೂಲನ್ನು ಬೆಳಕಿಗೆ ಹಿಡಿದು ಗಂಟು ಹುಡುಕುವವರನ್ನು ಕಂಡಾಗಲೆಲ್ಲ ನನಗೆ ಆತನ ನೆನಪಾಗುತ್ತದೆ. ತಾನೇ ಗಾಜು ಉಜ್ಜಿ ಮಾಡಿಕೊಂಡ ಒಂಟಿ ಮಸೂರದಲ್ಲಿ ಆತ ಕೆರೆಯ ನೀರು, ರಕ್ತ, ಮೆಣಸಿನ ನೀರು ಎಲ್ಲವನ್ನೂ ನೋಡಿದ. ಉಳಿದಿರುವ ಆತನ ಮಸೂರಗಳಲ್ಲಿ ಒಳ್ಳೆಯದೊಂದು ಸುಮಾರು 270 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. 1683ರ ಸೆಪ್ಟೆಂಬರ್ 17ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿಯ ಹಿಟ್ಟಿನಂಥ ವಸ್ತುವಿನಲ್ಲಿ ಓಡಾಡುವ ಜೀವಿಗಳನ್ನು ಕಂಡೆನೆಂದು ತಿಳಿಸಿದ. ಕೊಳಕು ಬಾಯಿಯ ಮನುಷ್ಯನಲ್ಲ ಆತ. ದಿನಾ ಬೆಳಿಗ್ಗೆ ಉಪ್ಪಿನಿಂದ ಹಲ್ಲುಜ್ಜುವ ಅಭ್ಯಾಸ ಆತನದು, ನಮ್ಮ ಅಜ್ಜಂದಿರ ಹಾಗೆ! ಹುಟ್ಟಿದಾಗಿನಿಂದ ಹಲ್ಲುಜ್ಜದ ಒಬ್ಬ ಮುದುಕನನ್ನೂ ಹುಡುಕಿ ಹಿಡಿದು ಅವನ ಬಾಯಿಯನ್ನೂ ಪರೀಕ್ಷಿಸಿದ. ಅಲ್ಲಿ ಜಾತ್ರೆಯೇ ನೆರೆದಿತ್ತು. ತನ್ನ ಒಂದು ಬಾಯಿಯಲ್ಲಿರುವ ಜೀವಿಗಳು ಇಡೀ ದೇಶದ ಜನಸಂಖ್ಯೆಗಿಂತ ಹೆಚ್ಚು ಎಂದು ಲೆಕ್ಕ ಹಾಕಿದ. ಲೆಕ್ಕ ತಪ್ಪಲ್ಲ. ಒಂದು ಮಿಲಿಲೀಟರ್ ಎಂಜಲಿನಲ್ಲಿ ಸುಮಾರು 10 ಕೋಟಿ ಬ್ಯಾಕ್ಟೀರಿಯಗಳಿರುತ್ತವೆ ಎಂದು ಇಂದು ನಮಗೆ ಗೊತ್ತು.

ಆ ಪತ್ರದ ಜೊತೆ ಆತ ಚಿತ್ರಗಳನ್ನೂ ಕಳಿಸಿದ್ದ. ಕಡ್ಡಿಯಂಥದು, ದುಂಡನೆಯದು, ಸುರುಳಿಯದು. ಮುನ್ನೂರ ನಲವತ್ತು ವರ್ಷಗಳಾದರೂ ಬಾಯಿಯ ಬ್ಯಾಕ್ಟೀರಿಯಗಳನ್ನು ಮೊದಲ ನೋಟಕ್ಕೆ ನಾವು ವಿಂಗಡಿಸುವುದು ಹೆಚ್ಚುಕಡಿಮೆ ಹಾಗೆಯೇ.

ದುಂಡನೆಯವುಗಳಿಗೆ ಕಾಕಸ್ ಎಂದು ಹೆಸರು. ರಾಗಿ ಕಾಳನ್ನು ಕಲ್ಪಿಸಿಕೊಳ್ಳಿ. ಈ ಕಾಳುಗಳು ಒಂದಕ್ಕೊಂದು ಪೋಣಿಸಿಕೊಂಡು ಚನ್ನಪಟ್ಟಣದ ಮರದ ಮಣಿಸರದಂತೆ ಸಾಲಾಗಿದ್ದರೆ ಸ್ಟ್ರೆಪ್ಟೊಕಾಕಸ್. ಬಾಯಿಯಲ್ಲಿ ಬಹುಮತ ಇವುಗಳದೇ. ಕಡ್ಡಿಯಂತಿರುವುದು ಬ್ಯಾಸಿಲಸ್ ಆಕಾರ. ಮೊಸರು ಹೆಪ್ಪುಗಟ್ಟಿಸುವ ಲ್ಯಾಕ್ಟೊಬ್ಯಾಸಿಲಸ್ ಈ ಗುಂಪಿನದು, ಅದರ ಬಂಧುಗಳು ಹುಳುಕು ಹಲ್ಲಿನ ಕುಳಿಯಲ್ಲಿ ಆರಾಮವಾಗಿ ಇರುತ್ತವೆ. ನಡುವೆ ದಪ್ಪ, ಎರಡು ತುದಿ ಚೂಪು, ನೂಲು ತೆಗೆಯುವ ಕದಿರಿನಂತಿರುವುದು ಫ್ಯೂಸೊಬ್ಯಾಕ್ಟೀರಿಯಂ. ಉದ್ದನೆಯ ದಾರದಂಥವು, ಕವಲೊಡೆಯುವಂಥವು ಆಕ್ಟಿನೊಮೈಸಿಸ್ ಮತ್ತಿತರ ಗುಂಪಿನವು. ಕೊನೆಯದು ಸುರುಳಿ: ಟ್ರೆಪೊನೀಮ. ಇದು ಎಷ್ಟು ತೆಳುವೆಂದರೆ ಸಾಮಾನ್ಯ ಬಣ್ಣದಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಕಪ್ಪು ಹಿನ್ನೆಲೆಯ ವಿಶೇಷ ಬೆಳಕಿನಲ್ಲಿ ನೋಡಿದರೆ ಸ್ಪ್ರಿಂಗಿನಂತೆ ತಿರುಚಿಕೊಳ್ಳುತ್ತ ಸಾಗುವುದು ಕಾಣುತ್ತದೆ.

ಇವೆಲ್ಲ ಎಷ್ಟು ಸಣ್ಣವು? ರೇಷ್ಮೆ ಗೂಡಿನಿಂದ ಬಿಚ್ಚಿದ ಒಂದೇ ಒಂದು ಎಳೆಯನ್ನು ನಮ್ಮ ಕಡೆಯ ಮಕ್ಕಳು ಬೆರಳಿಗೆ ಸುತ್ತಿಕೊಂಡವರೇ. ಆ ಎಳೆಯ ದಪ್ಪ ಸುಮಾರು 15ರಿಂದ 20 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಹಲ್ಲಿನ ಸ್ಟ್ರೆಪ್ಟೊಕಾಕಸ್ಸಿನ ಒಂದು ಮಣಿ ಅರ್ಧದಿಂದ ಮುಕ್ಕಾಲು ಮೈಕ್ರಾನ್. ಅಂದರೆ ಆ ಎಳೆಯ ಅಡ್ಡಗಲದಲ್ಲಿ ಇಪ್ಪತ್ತೈದು ಮಣಿಗಳನ್ನು ಸಾಲಾಗಿ ಜೋಡಿಸಬಹುದು.

ಇಷ್ಟು ಸಣ್ಣ ಮನೆಯೊಳಗೆ ಏನಿದೆ? ನಮ್ಮ ಜೀವಕೋಶದಲ್ಲಿರುವಂಥ ಕೋಶಕೇಂದ್ರ ಇಲ್ಲ. ಡಿಎನ್‌ಎ ಒಂದು ಉಂಡೆಯಾಗಿ ಕೋಶರಸದಲ್ಲಿಯೇ ಬಿದ್ದಿರುತ್ತದೆ. ಅದರ ಸುತ್ತ ಪೊರೆ, ಪೊರೆಯ ಹೊರಗೆ ಗೋಡೆ. ಈ ಗೋಡೆಯೇ ಜಾತಿ ಹೇಳುವ ಮೊದಲ ಗುರುತು. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಒಂದು ಉಪಾಯ ಕಂಡುಹಿಡಿದ. ಬ್ಯಾಕ್ಟೀರಿಯಗಳಿಗೆ ನೇರಳೆ ಬಣ್ಣ ಹಾಕಿ, ಅಯೋಡಿನ್ನಿನಿಂದ ಅದನ್ನು ಗಟ್ಟಿ ಮಾಡಿ, ನಂತರ ಆಲ್ಕೊಹಾಲಿನಿಂದ ತೊಳೆಯುವುದು. ದಪ್ಪ ಗೋಡೆಯವು ಬಣ್ಣ ಬಿಡುವುದಿಲ್ಲ, ನೇರಳೆಯಾಗಿಯೇ ಉಳಿಯುತ್ತವೆ. ತೆಳು ಗೋಡೆಯವು, ಅಂದರೆ ಗೋಡೆಯ ಹೊರಗೆ ಇನ್ನೊಂದು ಪೊರೆ ಹೊದ್ದವು, ಬಣ್ಣ ಕಳೆದುಕೊಳ್ಳುತ್ತವೆ. ಅವಕ್ಕೆ ಬೇರೆ ಕೆಂಪು ಬಣ್ಣ ಕೊಟ್ಟರೆ ಗುಲಾಬಿಯಾಗಿ ಕಾಣುತ್ತವೆ. ಹಿಂದೆ ಆರೋಗ್ಯ ಕೇಂದ್ರಗಳಲ್ಲಿ ಬಾಯಿಹುಣ್ಣಿಗೆ ನೇರಳೆ ಔಷಧಿ ಬಳಿಯುತ್ತಿದ್ದರಲ್ಲ, ನಾಲಿಗೆಯೆಲ್ಲ ಬಣ್ಣವಾಗಿ ಎರಡು ದಿನ ಶಾಲೆಯಲ್ಲಿ ನಗೆಪಾಟಲಾಗುತ್ತಿದ್ದೆವು. ಗ್ರಾಂ ಬಳಸುವ ಬಣ್ಣ ಅದೇ ವಂಶದ್ದು. ಬಾಯಿಯ ಸ್ಟ್ರೆಪ್ಟೊಕಾಕಸ್, ಲ್ಯಾಕ್ಟೊಬ್ಯಾಸಿಲಸ್, ಆಕ್ಟಿನೊಮೈಸಿಸ್‌ಗಳು ನೇರಳೆಯವು. ಫ್ಯೂಸೊಬ್ಯಾಕ್ಟೀರಿಯಂ, ವಸಡಿನ ಸಂದಿಯಲ್ಲಿ ಗಾಳಿಯಿಲ್ಲದೆ ಬದುಕುವ ಪಾರ್ಫೈರೊಮೊನಾಸ್, ದುಂಡಗಿದ್ದರೂ ಸ್ಟ್ರೆಪ್ಟೊಕಾಕಸ್ ಕುಲಕ್ಕೆ ಸೇರದ ವಿಯೊನೆಲ್ಲ ಇವೆಲ್ಲ ಗುಲಾಬಿಯವು.

ಇವು ಹಲ್ಲಿನ ಮೇಲೆ ಹೇಗೆಂದರೆ ಹಾಗೆ ರಾಶಿ ಬಿದ್ದಿರುವುದಿಲ್ಲ ಎಂಬುದು ನನಗೆ ಅತ್ಯಂತ ಸ್ವಾರಸ್ಯದ ಸಂಗತಿ. ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಎಂಜಲಿನ ಪ್ರೋಟೀನು ಹಲ್ಲಿನ ಮೇಲೆ ತೆಳು ಪದರವಾಗಿ ಕೂರುತ್ತದೆ. ಅದಕ್ಕೆ ಮೊದಲು ಅಂಟಿಕೊಳ್ಳುವುವು ಹೆಚ್ಚಾಗಿ ಮಣಿಗಳು. ಉಜ್ಜದೆ ಬಿಟ್ಟರೆ ದಿನಗಳು ಕಳೆದಂತೆ ದಾರಗಳು, ಕದಿರುಗಳು ಬರುತ್ತವೆ. ಸುರುಳಿಗಳು ಬರುವುದು ಎಲ್ಲಕ್ಕಿಂತ ಕೊನೆಗೆ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲ್ಯೋ ಮತ್ತು ಸಂಗಡಿಗರು ಆರೋಗ್ಯವಂತ ವಸಡಿನ 12 ಮಂದಿಗೆ, ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳು, ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿ ದಿನದಿನದ ಪಾಚಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. 10ರಿಂದ 21 ದಿನಗಳೊಳಗೆ ಹನ್ನೆರಡೂ ಜನರ ವಸಡು ಕೆಂಪಾಗಿ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸರಿಹೋಯಿತು. ಅಂದರೆ ಪಾಚಿಯಲ್ಲಿನ ಆಕಾರಗಳನ್ನು ನೋಡಿ, ಇವನು ಹಲ್ಲುಜ್ಜದೆ ಸುಮಾರು ಎಷ್ಟು ದಿನವಾಯಿತು ಎಂದು ಹೇಳಬಹುದು! ಹಾಜರಿ ಪುಸ್ತಕಕ್ಕಿಂತ ನಂಬಿಕಸ್ಥ ದಾಖಲೆ. ಇನ್ನೂ ಈಚೆಗೆ, 2016ರಲ್ಲಿ, ಅಮೆರಿಕದ ವಿಜ್ಞಾನಿಗಳು ಒಂದೊಂದು ಕುಲಕ್ಕೂ ಒಂದೊಂದು ಬಣ್ಣದ ಬೆಳಕು ಬರುವಂತೆ ಮಾಡಿ ಪಾಚಿಯ ಚಿತ್ರ ತೆಗೆದರು. ಕಾರಿನೆಬ್ಯಾಕ್ಟೀರಿಯಂ ಎಂಬ ದಾರಗಳು ನಡುವಿನಿಂದ ಮುಳ್ಳುಹಂದಿಯ ಮುಳ್ಳಿನಂತೆ ಹೊರಚಾಚಿದ್ದವು, ತುದಿಯಲ್ಲಿ ಮುಸುಕಿನ ಜೋಳದ ತೆನೆಗೆ ಕಾಳು ಕೂತಂತೆ ಸ್ಟ್ರೆಪ್ಟೊಕಾಕಸ್‌ಗಳು ಸುತ್ತ ಕೂತಿದ್ದವು. ಊರಿಗೆ ಬೀದಿ, ಕೇರಿ ಇದ್ದ ಹಾಗೆ.

ಇನ್ನು ಆ ತಾಯಿಯ ಎರಡನೆಯ ಪ್ರಶ್ನೆ. ನೀಲಿ ಚುಕ್ಕೆಗಳನ್ನು ನೋಡುತ್ತ ಕೇಳಿದರು: ‘ಇದರೊಳಗೆ ಕೆಟ್ಟದ್ದು ಯಾವುದು ಮೇಷ್ಟ್ರೇ?’

ನೋಡಿ ಹೇಳಲು ಬರುವುದಿಲ್ಲ ಅಂದೆ. ಅವರಿಗೆ ನಿರಾಸೆಯಾದಂತೆ ಕಂಡಿತು. ಆದರೆ ನಿಜ ಅದೇ. ಹಲ್ಲು ಕೊರೆಯುವುದರಲ್ಲಿ ಮುಖ್ಯ ಆರೋಪಿ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್. 1924ರಲ್ಲಿ ಲಂಡನ್ನಿನ ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲುಗಳಿಂದ ಅದನ್ನು ಬೇರ್ಪಡಿಸಿದ. ಬೆಳೆಸುವ ಪರಿಸ್ಥಿತಿಗೆ ತಕ್ಕಂತೆ ದುಂಡಗೋ ಉದ್ದಕ್ಕೋ ಆಕಾರ ಬದಲಿಸುತ್ತಿದ್ದರಿಂದಲೇ ಅದಕ್ಕೆ ಆ ಹೆಸರು ಬಂತು. ಅದರ ಪಕ್ಕದಲ್ಲಿಯೇ ಸ್ಟ್ರೆಪ್ಟೊಕಾಕಸ್ ಸ್ಯಾಂಗ್ವಿನಿಸ್ ಇರುತ್ತದೆ. ಅದೂ ಮಣಿಸರ, ಅದೂ ನೇರಳೆ. ಆದರೆ ಅದು ಹೈಡ್ರೊಜನ್ ಪೆರಾಕ್ಸೈಡ್ ಉತ್ಪಾದಿಸಿ ಮ್ಯೂಟಾನ್ಸನ್ನು ಹತ್ತಿಕ್ಕುತ್ತದೆ. ನಾಲಿಗೆಯ ಮೇಲಿನ ಸ್ಯಾಲಿವೇರಿಯಸ್ ಕೂಡ ಮಣಿಸರವೇ, ಬಹುಮಟ್ಟಿಗೆ ನಿರುಪದ್ರವಿ. ಕಳ್ಳನೂ ಕಾವಲುಗಾರನೂ ಒಂದೇ ಸಮವಸ್ತ್ರದಲ್ಲಿದ್ದರೆ ದೂರದಿಂದ ಗುರುತಿಸುವುದು ಹೇಗೆ? ಅದಕ್ಕೇ ಬೇರೆ ಬೇರೆ ಸಕ್ಕರೆ ಕೊಟ್ಟು ಯಾವುದನ್ನು ಹುಳಿಯಾಗಿಸುತ್ತದೆ ಎಂದು ನೋಡುವ ಪರೀಕ್ಷೆಗಳು ಬಂದವು. 1977ರಲ್ಲಿ ಕಾರ್ಲ್ ವೂಸ್ ಎಂಬಾತ ಜೀವಕೋಶದ ರೈಬೊಸೋಮಿನ ಆರ್‌ಎನ್‌ಎಯನ್ನು ಹೋಲಿಸಿ ಸೂಕ್ಷ್ಮಜೀವಿಗಳ ವಂಶಾವಳಿಯನ್ನೇ ಹೊಸದಾಗಿ ಬರೆದ ಮೇಲೆ ಆಕಾರದ ವರ್ಗೀಕರಣ ಹಿಂದಕ್ಕೆ ಸರಿಯಿತು. ಈಗ ಮನುಷ್ಯನ ಬಾಯಿಯ 700ಕ್ಕೂ ಹೆಚ್ಚು ಪ್ರಭೇದಗಳನ್ನು ಪಟ್ಟಿ ಮಾಡಿದ್ದಾರೆ. ಅವೆಲ್ಲ ಒಬ್ಬರ ಬಾಯಿಯಲ್ಲಿಯೇ ಇರುವುದಿಲ್ಲ. ಎಷ್ಟೋ ಪ್ರಭೇದಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಇನ್ನೂ ಸಾಧ್ಯವಾಗಿಲ್ಲ. ಇನ್ನೊಂದು ಬ್ಯಾಕ್ಟೀರಿಯದ ಮೈಮೇಲೆ ಅಂಟಿಕೊಂಡು ಬದುಕುವ ಪುಟ್ಟ ಬ್ಯಾಕ್ಟೀರಿಯವೂ ಬಾಯಿಯಲ್ಲಿದೆ. ಹೇನಿಗೊಂದು ಹೇನು!

ನನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆಗೆ ಇಷ್ಟು ಬೇಡ. ಆದರೆ ಬಾಯಿಯ ಬ್ಯಾಕ್ಟೀರಿಯ ಎಂದರೆಲ್ಲ ಕೆಟ್ಟದ್ದು, ಎಲ್ಲವನ್ನೂ ಕೊಲ್ಲಬೇಕು ಎಂಬ ಜಾಹೀರಾತಿನ ಮಾತನ್ನು ನಂಬಬೇಡಿ. ಬಾಯಿ ಬರಿದಾಗುವುದೂ ಇಲ್ಲ, ಬರಿದಾಗಲೂಬಾರದು. ಮ್ಯೂಟಾನ್ಸ್ ಕೂಡ ಸುಮ್ಮನೆ ಇದ್ದರೆ ದೊಡ್ಡ ಅಪಾಯವಲ್ಲ. ಅದಕ್ಕೆ ಸಕ್ಕರೆ ಸಿಕ್ಕಾಗ ಎರಡು ಕೆಲಸ ಮಾಡುತ್ತದೆ. ಸಕ್ಕರೆಯಿಂದ ಒಂದು ಬಗೆಯ ಅಂಟು ತಯಾರಿಸಿ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಉಳಿದ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ, ಮೊಸರಿನಲ್ಲಿರುವ ಅದೇ ಹುಳಿ. ಹಲ್ಲಿನ ಎನಾಮಲ್ ತೂಕದಲ್ಲಿ ನೂರಕ್ಕೆ 96ರಷ್ಟು ಖನಿಜ, ದೇಹದಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಆದರೂ ಪಾಚಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಅದರ ಸುಣ್ಣ ಕರಗತೊಡಗುತ್ತದೆ. 1940ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಅಳೆದು ತೋರಿಸಿದಂತೆ, ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಪಿಎಚ್ ಕುಸಿಯುತ್ತದೆ, ಎಂಜಲು ಅದನ್ನು ಮೊದಲಿನ ಮಟ್ಟಕ್ಕೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹಬ್ಬದ ದಿನ ಒಮ್ಮೆಗೇ ನಾಲ್ಕು ಹೋಳಿಗೆ ತಿಂದವನಿಗಿಂತ, ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದೇ ಚಾಕಲೇಟು, ಟೀಯಲ್ಲಿ ಅದ್ದಿದ ಒಂದೊಂದೇ ಬಿಸ್ಕತ್ತು ತಿನ್ನುವವನ ಹಲ್ಲು ಬೇಗ ಕೆಡುವುದು ಇದಕ್ಕೇ. ರಾತ್ರಿ ನಿದ್ದೆಯಲ್ಲಿ ಎಂಜಲು ಬಹಳ ಕಡಿಮೆಯಾಗುತ್ತದೆ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸಿದರೆ ಮೇಲಿನ ಮುಂಭಾಗದ ಹಾಲುಹಲ್ಲುಗಳು ಮೊದಲು ಕರಗುತ್ತವೆ.

‘ನಮ್ ಹುಡ್ಗಿಗೆ ಇದು ಎಲ್ಲಿಂದ ಬಂತು?’ ಅದು ಮೂರನೆಯ ಪ್ರಶ್ನೆ. ಉತ್ತರ ಅವರಿಗೆ ಮೊದಲೇ ಗೊತ್ತಿತ್ತು, ಬೇರೆ ರೂಪದಲ್ಲಿ.

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡವುಗಳಲ್ಲಿ ಒಂದು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆ ಗೂಡಿನ ಹಿಂದೆ ಒಂದು ಸೂಕ್ಷ್ಮದರ್ಶಕ ಇದೆ ಎಂಬುದನ್ನು ಹೇಳುವವರು ಕಡಿಮೆ. ಮಾಗಡಿ ಕಡೆಯ ರೈತರು ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುತ್ತಾರೆ. ಬಿತ್ತನೆ ಕೋಠಿಯಲ್ಲಿ ಗೂಡಿನಿಂದ ಹೊರಬಂದ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಆ ತಾಯಿ ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಅದು ಗಂಟು ರೋಗ. ಆ ಮೊಟ್ಟೆಗಳನ್ನು ನಾಶ ಮಾಡುತ್ತಾರೆ. ಏಕೆಂದರೆ ಆ ರೋಗ ತಾಯಿಯಿಂದ ಮೊಟ್ಟೆಗೇ ಬರುತ್ತದೆ. ಈ ಪರೀಕ್ಷೆಯನ್ನು ಜಗತ್ತಿಗೆ ಕೊಟ್ಟವನು ಲೂಯಿ ಪಾಶ್ಚರ್. 1865ರಲ್ಲಿ ದಕ್ಷಿಣ ಫ್ರಾನ್ಸಿನ ರೇಷ್ಮೆ ಬೆಳೆ ಹಾಳಾಗುತ್ತಿದ್ದಾಗ ಸರ್ಕಾರ ಅವನನ್ನು ಕಳಿಸಿತು. ಅವನಿಗೆ ಆವರೆಗೆ ರೇಷ್ಮೆ ಹುಳುವಿನ ವಿಷಯ ಏನೂ ಗೊತ್ತಿರಲಿಲ್ಲ. ಐದು ವರ್ಷ ದುಡಿದು 1870ರಲ್ಲಿ ಪುಸ್ತಕ ಬರೆದ. ಗಂಟು ರೋಗದ ಜೀವಿ ನೊಸೀಮ ಬ್ಯಾಕ್ಟೀರಿಯ ಅಲ್ಲ, ಶಿಲೀಂಧ್ರಗಳ ಸಂಬಂಧಿ ಎನ್ನುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆದರೆ ಇನ್ನೊಂದು ರೋಗವನ್ನೂ, ನಾವು ಸಪ್ಪೆ ರೋಗ ಎನ್ನುವುದನ್ನು, ಪಾಶ್ಚರ್ ನೋಡಿದ. ಅಲ್ಲಿ ಹುಳುವಿನ ಕರುಳಿನಲ್ಲಿ ಅವನಿಗೆ ಕಂಡದ್ದು ಮಣಿಸರದಂಥ ಬ್ಯಾಕ್ಟೀರಿಯಗಳು!

ಮಗುವಿಗೆ ಮ್ಯೂಟಾನ್ಸ್ ಬರುವುದೂ ಬಹಳಮಟ್ಟಿಗೆ ತಾಯಿಯಿಂದಲೇ. ಹುಟ್ಟುವ ಮೊದಲಲ್ಲ, ಹುಟ್ಟಿದ ಮೇಲೆ, ಎಂಜಲಿನ ಮೂಲಕ. ಅನ್ನದ ಬಿಸಿ ನೋಡಲು ತಾನು ಬಾಯಿಗಿಟ್ಟ ಚಮಚದಲ್ಲೇ ತಿನ್ನಿಸುವುದು, ಅಜ್ಜಿ ಅಗಿದು ಮೆತ್ತಗೆ ಮಾಡಿ ಮಗುವಿನ ಬಾಯಿಗಿಡುವುದು, ಕೆಳಗೆ ಬಿದ್ದ ಬಾಟಲಿಯ ರಬ್ಬರನ್ನು ತಾನು ಚೀಪಿ ಕೊಡುವುದು. 1993ರಲ್ಲಿ ಅಮೆರಿಕದ ಕಾಫೀಲ್ಡ್ ಮತ್ತು ಸಂಗಡಿಗರು, ಮ್ಯೂಟಾನ್ಸ್ ನೆಲೆಯೂರಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು 19ರಿಂದ 31 ತಿಂಗಳ ವಯಸ್ಸಿನ ನಡುವೆ ಬಂತೆಂದು ಕಂಡರು. ಅದಕ್ಕಿಂತ ಮೊದಲೂ ಬರಬಹುದೆಂದು ನಂತರದವರು ತೋರಿಸಿದ್ದಾರೆ. ತಾಯಿಯ ಬಾಯಿಯ ಮ್ಯೂಟಾನ್ಸ್ ಮತ್ತು ಮಗುವಿನದರ ಡಿಎನ್‌ಎ ಹೋಲಿಸಿದಾಗ ಅನೇಕ ಜೋಡಿಗಳಲ್ಲಿ ಎರಡೂ ಒಂದೇ ತಳಿಯವಾಗಿದ್ದವು. ತಾಯಿಯ ಬಾಯಿಯಲ್ಲಿ ಹುಳುಕು ಹಲ್ಲುಗಳು ಹಾಗೇ ಉಳಿದಿದ್ದಷ್ಟೂ ಮಗುವಿಗೆ ಬೇಗ ದಾಟುವ ಸಂಭವ ಹೆಚ್ಚು. ತಾಯಿ ಎಂದು ಹೇಳಿದೆ. ತಂದೆ, ಅಜ್ಜಿ, ಎತ್ತಿ ಆಡಿಸುವ ಅಕ್ಕ ಯಾರಿಂದಲಾದರೂ ಬರಬಹುದು. ಇದಕ್ಕೆ ತಾಯಂದಿರನ್ನು ಬೈಯುವ ಅಗತ್ಯವಿಲ್ಲ, ಮಗುವನ್ನು ಮುದ್ದಿಸುವುದನ್ನು ಬಿಡಲೂ ಬೇಕಿಲ್ಲ. ಅವರ ಹಲ್ಲನ್ನೂ ವೈದ್ಯರಿಗೆ ತೋರಿಸಬೇಕು, ಅಷ್ಟೆ. ನಮ್ಮ ಮನೆಗಳಲ್ಲಿ ಕೊನೆಗೆ ಊಟಕ್ಕೆ ಕೂರುವವರು, ಕೊನೆಗೆ ಆಸ್ಪತ್ರೆಗೆ ಹೋಗುವವರು ಯಾರೆಂದು ನಿಮಗೇ ಗೊತ್ತಿದೆ.

‘ಚಿಟ್ಟೆ ಅರ್ದು ನೋಡ್ದೆ ನಾವು ಮೊಟ್ಟೆ ತಗೋಳಲ್ಲ. ನಮ್ ಹಲ್ಲು ಯಾರು ನೋಡವ್ರೆ’ ಎಂದು ಆ ತಾಯಿ ನಕ್ಕರು. ನಕ್ಕಾಗ ಕಂಡಿತು, ಮೇಲಿನ ಎರಡು ಹಲ್ಲು ಬುಡದವರೆಗೆ ಕಪ್ಪಾಗಿದ್ದವು. ಎರಡು ವರ್ಷದ ಇನ್ನೊಂದು ಮಗು ಮನೆಯಲ್ಲಿತ್ತು.

ಇಷ್ಟೆಲ್ಲ ಹೇಳುವ ನಾನು ಬಿ.ಎಸ್ಸಿ., ಬಿ.ಎಡ್. ನನ್ನ ಮಗನಿಗೆ ಎಂಟು ವರ್ಷವಾಗಿದ್ದಾಗ ಕೆಳದವಡೆಯ ಕೊನೆಯ ಹಲ್ಲಿನಲ್ಲಿ ಕಪ್ಪು ಕುಳಿ ಕಂಡಿತ್ತು. ಹೆಂಡತಿ ಡಾಕ್ಟರಿಗೆ ತೋರಿಸೋಣ ಎಂದಾಗ, ‘ಹಾಲುಹಲ್ಲು ತಾನೆ, ಬಿದ್ದು ಬೇರೆ ಬರುತ್ತೆ’ ಎಂದೆ. ಅದು ಹಾಲುಹಲ್ಲಾಗಿರಲಿಲ್ಲ. ಆರನೆಯ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಸದ್ದಿಲ್ಲದೆ ಹುಟ್ಟುವ ಮೊದಲ ಶಾಶ್ವತ ದವಡೆ ಹಲ್ಲು ಅದು. ಮಧ್ಯದಿಂದ ಎಣಿಸಿದರೆ ಆರನೆಯದು. ಹಳೆಯ ಹಲ್ಲು ಉದುರದಿರುವುದರಿಂದ ಹೊಸದು ಬಂದದ್ದು ತಂದೆ ತಾಯಿಗೆ ಗೊತ್ತೇ ಆಗುವುದಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಅದನ್ನು ಕೀಳಿಸಬೇಕಾಯಿತು. ಅವನಿಗೀಗ ಇಪ್ಪತ್ತೈದು. ಎಡಗಡೆ ಅಗಿಯುವುದಿಲ್ಲ. ನಾನು ಹಲ್ಲಿನ ಬಗ್ಗೆ ಪಾಠ ಮಾಡಿದೆನೆಂದು ಗೊತ್ತಾದರೆ ಹೆಂಡತಿ ಈಗಲೂ ಏನೂ ಹೇಳದೆ ಒಮ್ಮೆ ನೋಡುತ್ತಾಳೆ.

ಆ ಹುಡುಗಿಯ ಕೆಟ್ಟ ಹಲ್ಲೂ ಆರನೆಯದೇ. ಬಾವು ಬಂದಿದೆ, ಇಂದೇ ಹೋಗಿ ಎಂದು ಚೀಟಿ ಬರೆದು ಸರ್ಕಾರಿ ಆಸ್ಪತ್ರೆಯ ದಂತ ವಿಭಾಗಕ್ಕೆ ಕಳಿಸಿದೆ. ದವಡೆಯ ಬಾವಿಗೆ ಕಾಯುತ್ತ ಕೂರಬಾರದು. ಕೀವು ಕತ್ತಿಗೆ ಇಳಿದರೆ ಪ್ರಾಣಕ್ಕೇ ತೊಂದರೆ. ವೈದ್ಯರು ಕೀವು ತೆಗೆದು, ಹಲ್ಲನ್ನು ಕೀಳದೆ ರೂಟ್ ಕೆನಾಲ್ ಮಾಡಿ ಉಳಿಸಲು ನೋಡುತ್ತೇವೆ ಎಂದರಂತೆ. ಎರಡು ಸಲ ಹೋಗಿ ಬಂದಿದ್ದಾಳೆ, ಇನ್ನೊಂದು ಸಲ ಹೋಗಬೇಕಿದೆ. ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಲು ಹೇಳಿದ್ದಾರೆ. ಮೂರು ವರ್ಷದೊಳಗಿನ ತಮ್ಮನಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು ಎಂಬುದನ್ನೂ ಅವಳೇ ತರಗತಿಯಲ್ಲಿ ಎದ್ದು ನಿಂತು ಹೇಳಿದಳು. ಬೇವಿನಕಡ್ಡಿ ಬಿಡಬೇಕಾ ಸಾರ್ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಕಡ್ಡಿಯನ್ನು ಚೆನ್ನಾಗಿ ಅಗಿದು ಕುಂಚ ಮಾಡಿ ಉಜ್ಜಿದರೆ ಪಾಚಿ ಹೋಗುತ್ತದೆ, ಆದರೆ ಅದರಲ್ಲಿ ಫ್ಲೋರೈಡ್ ಸಿಗುವುದಿಲ್ಲ ಎಂದೆ. ಇದ್ದಿಲು, ಇಟ್ಟಿಗೆ ಪುಡಿ ಮಾತ್ರ ಬೇಡ, ಅವು ಎನಾಮಲನ್ನೇ ಸವೆಸುತ್ತವೆ.

ಈ ಪ್ರಯೋಗವನ್ನು ನಿಮ್ಮ ಶಾಲೆಯಲ್ಲಿಯೂ ಮಾಡಬಹುದು. ಅವರವರ ಬಾಯಿಯ ಪಾಚಿಯನ್ನು ಅವರವರೇ ತೆಗೆಯಲಿ, ಒಂದು ಕಡ್ಡಿಯನ್ನು ಇಬ್ಬರು ಬಳಸಬಾರದು, ನೋಡಿದ ಗಾಜಿನ ಪಟ್ಟಿಗಳನ್ನು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಹಾಕಿಟ್ಟು ನಂತರ ತೊಳೆಯಿರಿ. ಬಣ್ಣ ಹಾಕದೆ, ಎಂಜಲಿನ ಹನಿಯಲ್ಲೇ ಪಾಚಿಯನ್ನು ಕಲಸಿ ಗಾಜಿನ ತೆಳು ಚೂರು ಮುಚ್ಚಿ ನೋಡಿದರೆ ಕೆಲವು ಈಜುವುದೂ ಕಾಣುತ್ತದೆ. ಬೆಳಕನ್ನು ಕಡಿಮೆ ಮಾಡಿ ನೋಡಬೇಕು.

ಕಳೆದ ವಾರ ಆ ತಾಯಿ ರಸ್ತೆಯಲ್ಲಿ ಸಿಕ್ಕಿದ್ದರು. ನಿಮ್ಮ ಹಲ್ಲು ತೋರಿಸಿದಿರಾ ಅಮ್ಮ ಎಂದು ಕೇಳಿದೆ. ‘ಹುಳ ಹಣ್ಣಾಗವೆ ಮೇಷ್ಟ್ರೇ, ಇವತ್ತು ನಾಳೆ ಚಂದ್ರಿಕೆಗೆ ಬಿಡ್ಬೇಕು. ಗೂಡು ಮಾರ್ಕೆಟ್ಗೆ ಹಾಕಿ ಬರುವಾಗ ಹೋಯ್ತೀನಿ’ ಎಂದರು. ಸೋಮವಾರ ಹುಡುಗಿಯನ್ನು ಕೇಳಬೇಕು.